ದೇಹದೊಳಗಿನ ಕೆಲಸಗಾರರು

ಪ್ರತಿ ವರ್ಷವೂ ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ನಾನು ತಪ್ಪದೆ ಮಾಡಿ ತೋರಿಸುವ ಪ್ರಯೋಗವೊಂದುಂಟು. ತೆಳುವಾದ ಅನ್ನದ ಗಂಜಿಯನ್ನು ಎರಡು ಗಾಜಿನ ನಳಿಗೆಗಳಲ್ಲಿ ತುಂಬಿ, ಒಂದಕ್ಕೆ ಬಾಯಿಯ ಜೊಲ್ಲನ್ನೂ ಇನ್ನೊಂದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಜೊಲ್ಲನ್ನೂ ಬೆರೆಸುತ್ತೇನೆ. ಸ್ವಲ್ಪ ಹೊತ್ತಿನ ಬಳಿಕ ಎರಡಕ್ಕೂ ಅಯೋಡಿನ್ ದ್ರಾವಣದ ಹನಿಗಳನ್ನು ಹಾಕಿದರೆ, ಕುದಿಸಿದ ಜೊಲ್ಲಿನ ನಳಿಗೆಯು ಕಡುನೀಲಿಯಾಗುತ್ತದೆ. ಮತ್ತೊಂದರಲ್ಲಿ ಆ ನೀಲಿಯು ಕಾಣಬರುವುದಿಲ್ಲ. ಅಲ್ಲಿದ್ದ ಪಿಷ್ಟವು ಆಗಲೇ ಸಕ್ಕರೆಯಾಗಿ ಮಾರ್ಪಟ್ಟಿರುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದಲೇ. "ಅಮ್ಮನವರೇ, ಕುದಿಸಿದ ಮಾತ್ರಕ್ಕೆ ಜೊಲ್ಲು ಕಳೆದುಕೊಂಡದ್ದೇನು?" ಎಂದು ಒಬ್ಬಳಾದರೂ ಕೇಳದಿರುವುದಿಲ್ಲ.

ಅದು ಕಳೆದುಕೊಂಡದ್ದು ತನ್ನೊಳಗಿನ ಒಂದು ವಸ್ತುವಿನ ಆಕಾರವನ್ನು. ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಕಿಣ್ವಗಳು ಬಹುಮಟ್ಟಿಗೆ ಎಲ್ಲವೂ ಪ್ರೋಟೀನುಗಳು. ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ದೇಹವು ಹೀಗೆ ಪೋಣಿಸುವ ಮುಖ್ಯ ಮಣಿಗಳು 20 ಬಗೆಯವು. ಯಾವುದರ ಮುಂದೆ ಯಾವುದು ಬರಬೇಕೆಂಬುದು ವಂಶವಾಹಿಯಲ್ಲಿ ಬರೆದಿರುತ್ತದೆ. ಆ ಬರಹದ ನಕಲನ್ನು ಜೀವಕೋಶದೊಳಗಿನ ರೈಬೋಸೋಮುಗಳು ಮೂರು ಮೂರು ಅಕ್ಷರಗಳಾಗಿ ಓದುತ್ತಾ ಮಣಿಗಳನ್ನು ಪೋಣಿಸುತ್ತವೆ. ಇನ್ಸುಲಿನ್ನಿನಲ್ಲಿ ಇಂತಹ 51 ಮಣಿಗಳುಂಟೆಂದೂ ಅವುಗಳ ಕ್ರಮವು ಇಂತಹದೆಂದೂ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರರು 1955ರ ಹೊತ್ತಿಗೆ ತೋರಿಸಿಕೊಟ್ಟರು.

ಪೋಣಿಸಿದ ಸರವು ತನ್ನ ಕ್ರಮಕ್ಕೆ ತಕ್ಕಂತೆ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಬೀಗಕ್ಕೆ ತಕ್ಕ ಬೀಗದ ಕೈ ಹೇಗೋ ಹಾಗೆ, ಕಿಣ್ವದ ಮಡಿಕೆಯಲ್ಲಿ ತಕ್ಕ ವಸ್ತುವು ಮಾತ್ರ ಬಂದು ಕೂಡುತ್ತದೆ. ಕೂಡಿದೊಡನೆ ಶೀಘ್ರವಾಗಿ ಬದಲಾಗುತ್ತದೆ. ಕಿಣ್ವವು ತಾನು ಸವೆಯದೆ ಮುಂದಿನದಕ್ಕೆ ಸಿದ್ಧವಾಗುತ್ತದೆ. ಕುದಿಸಿದಾಗ ಮಣಿಗಳೂ ದಾರವೂ ಉಳಿಯುತ್ತವೆ, ಮಡಿಕೆ ಮಾತ್ರ ಬಿಚ್ಚಿಹೋಗುತ್ತದೆ. ಆದುದರಿಂದಲೇ ಕೆಲಸವೂ ನಿಂತುಹೋಗುತ್ತದೆ.

ಕಿಣ್ವವು ಪ್ರೋಟೀನೆಂದು ಮೊದಲು ಸಿದ್ಧಪಡಿಸಿದವರು ಅಮೇರಿಕದ ಜೇಮ್ಸ್ ಸಮ್ನರರು. ಎಡಗೈಯ ಬಳಕೆಯವರಾಗಿದ್ದ ಇವರು ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಿಂದ ಆ ಕೈಯನ್ನೇ ಕಳೆದುಕೊಂಡರು. ಆದರೂ ಎದೆಗುಂದದೆ ರಸಾಯನಶಾಸ್ತ್ರವನ್ನೇ ಹಿಡಿದು, 1917ರಿಂದ ಒಂಬತ್ತು ವರ್ಷ ದುಡಿದು, ನಮ್ಮ ಅವರೆಯ ಕುಲಕ್ಕೇ ಸೇರಿದ ಜ್ಯಾಕ್ ಬೀನ್ ಎಂಬ ಕಾಳಿನಿಂದ 1926ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಳಾಗಿ ತೆಗೆದರು. ದೊಡ್ಡ ದೊಡ್ಡ ಪಂಡಿತರು ಬಹುಕಾಲ ಒಪ್ಪಲಿಲ್ಲ. 1946ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಸಂದಿತು.

ಇಷ್ಟನ್ನೂ ಕಲಿಸಿದ ಮೇಲೆ, ಹಿಂದಿನ ರಾತ್ರಿ ತಾವು ಉಂಡದ್ದನ್ನು ಬರೆಯಿರೆಂದು ಬಾಲಿಕೆಯರಿಗೆ ಹೇಳುವುದು ನನ್ನ ರೂಢಿ. ಒಮ್ಮೆ ಒಬ್ಬಳು ಬರೆದಿದ್ದಳು: "ಅನ್ನ ಮತ್ತು ಸಾರಿನ ತಿಳಿ. ಬೇಳೆ ಅಣ್ಣನಿಗೆ." ದೂರುವ ಮನಸ್ಸಿನಿಂದ ಬರೆದದ್ದಲ್ಲ, ಇದ್ದದ್ದನ್ನು ಇದ್ದಂತೆಯೇ ಬರೆದಿದ್ದಳು. ಆ ಎರಡು ಸಾಲನ್ನು ತಿದ್ದಲು ನನ್ನ ಕೆಂಪು ಲೇಖನಿಗೆ ಏನೂ ಸಿಕ್ಕಲಿಲ್ಲ.

ಯಾಕೆಂದರೆ ಆ 20 ಮಣಿಗಳಲ್ಲಿ 9ನ್ನು ನಮ್ಮ ದೇಹವು ತಾನಾಗಿ ಮಾಡಿಕೊಳ್ಳಲಾರದು. ಅವು ಊಟದಿಂದಲೇ ಬರತಕ್ಕವು. ಅಕ್ಕಿಯಲ್ಲಿಯೂ ರಾಗಿಯಲ್ಲಿಯೂ ಲೈಸಿನ್ ಎಂಬ ಮಣಿ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಾದ ಮೆಥಿಯೊನಿನ್ ಧಾನ್ಯದಲ್ಲಿ ಹೆಚ್ಚು. ಹೀಗೆ ಮುದ್ದೆಯೂ ಸಾರೂ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತವೆ. ಹೊನ್ನನ್ನು ಪೆಟ್ಟಿಗೆಯಲ್ಲಿ ಕೂಡಿಡುವಂತೆ ಈ ಮಣಿಗಳನ್ನು ದೇಹವು ಕೂಡಿಡಲಾರದು. ಒಂದು ಮಣಿ ಸಾಲದೆ ಬಂದರೆ ಸರವು ಅಲ್ಲಿಗೇ ನಿಲ್ಲುತ್ತದೆ. ಕೊರತೆ ಬಹುದಿನ ನಡೆದರೆ ದೇಹವು ತನ್ನ ಮಾಂಸಖಂಡವನ್ನೇ ಬಿಚ್ಚಿ ಮಣಿಗಳನ್ನು ತೆಗೆದುಕೊಳ್ಳುತ್ತದೆ. ಬೆಳೆಯುವ ಹೆಣ್ಣುಮಗುವಿಗೆ ಇದೆಷ್ಟು ದೊಡ್ಡ ನಷ್ಟ!

ಆದುದರಿಂದ ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ ನನ್ನದೊಂದು ವಿನಂತಿ: ಮಗಳಿಗೂ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿಯೇ ಬಡಿಸಿರಿ. ವಿದ್ಯಾರ್ಥಿನಿಯರೇ, ನಾಳೆ ಆ ಸೌಟು ನಿಮ್ಮ ಕೈಗೆ ಬರುತ್ತದೆ. ಆಗ ಈ ಪಾಠವು ನಿಮ್ಮ ನೆನಪಿನಲ್ಲಿರಲಿ.