ಸೈಕಲ್ಲಿಗೊಂದು ಎಲ್ ಬೋರ್ಡ್

ಐವತ್ತು ದಾಟಿದವರು ಏನಾದರೂ ಹೊಸದಾಗಿ ಕಲಿಯುತ್ತೇನೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾರೂ ಬೇಡವೆನ್ನುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಬಾಳಿ ಹಾಡಿದ ಊರುಗಳಿವು. ನಿವೃತ್ತಿಯ ಮರುದಿನವೇ ತಂಬೂರಿ ತಂದು ಸಾ ಹಚ್ಚಿದರೆ ಓಣಿಯ ಮಂದಿ ಕಿಟಕಿ ಮುಚ್ಚಿಕೊಂಡಾರೇ ಹೊರತು ನಗುವುದಿಲ್ಲ. ಕಾರು ಕಲಿಯುತ್ತೇನೆಂದರಂತೂ ರಾಜಮರ್ಯಾದೆ. ಡ್ರೈವಿಂಗ್ ಸ್ಕೂಲಿನ ಹುಡುಗ ಮನೆ ಬಾಗಿಲಿಗೆ ಬರುತ್ತಾನೆ, ಪಕ್ಕದಲ್ಲಿ ಕೂಡುತ್ತಾನೆ, ಅವನ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್. ಚೆನ್ನಮ್ಮ ಸರ್ಕಲ್ಲಿನ ನಟ್ಟನಡುವೆ ಎಂಜಿನ್ ಬಂದ್ ಬಿದ್ದರೂ ಆಟೋದವರು ಆ ಹಲಗೆ ನೋಡಿ, “ಕಲಿಯಾಕತ್ತಾರ, ಬಿಡೋ” ಎಂದು ಬಳಸಿಕೊಂಡು ಹೋಗುತ್ತಾರೆ.

ಸೈಕಲ್ಲಿಗೆ ಈ ಭಾಗ್ಯವಿಲ್ಲ. ಸಂಗೀತ, ಟೈಪಿಂಗ್, ಕರಾಟೆ, ಅಬಾಕಸ್ ಎಲ್ಲಕ್ಕೂ ಬೋರ್ಡು ಕಂಡಿದ್ದೇನೆ. ‘ದೊಡ್ಡವರಿಗೆ ಸೈಕಲ್ ಕಲಿಸಲಾಗುವುದು’ ಎಂಬ ಬೋರ್ಡು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಸೈಕಲ್ ಎಂಬುದು ಹಾಲುಹಲ್ಲಿನ ಹಾಗೆ ಆಯಾ ವಯಸ್ಸಿನಲ್ಲಿ ತಾನಾಗಿಯೇ ಬರಬೇಕಾದದ್ದೆಂದು ಎಲ್ಲರ ನಂಬಿಕೆ. ಆಗ ಬರಲಿಲ್ಲವೋ, ಮುಂದೆ ಬಾಯಿ ಬಿಡುವ ಹಾಗಿಲ್ಲ. ‘ನನಗೆ ಕಾರು ಬರೂದಿಲ್ಲ’ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ‘ಸೈಕಲ್ ಬರೂದಿಲ್ಲ’ ಎಂದು ನೋಡಿ, ಚಹಾದ ಕಪ್ಪು ಕೆಳಗಿಟ್ಟು ತಿರುಗಿ ನೋಡುತ್ತಾರೆ.

ನಾನು ಬೆಳೆದದ್ದು ಸೈಕಲ್ಲುಗಳ ನಡುವೆಯೇ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದ ವರ್ಕ್‌ಶಾಪಿದೆ. ಸಂಜೆ ಅದರ ಭೋಂಗಾ ಕೂಗಿತೆಂದರೆ ಗೇಟಿನಿಂದ ಸೈಕಲ್ಲುಗಳು ಹೊರಬೀಳುತ್ತಿದ್ದವು. ಆಚೆ ದಾಟಬೇಕಾದವರು ಕೊನೆಯ ಸೈಕಲ್ ಹೋಗುವತನಕ ದಂಡೆಗೆ ನಿಲ್ಲಬೇಕು. ಅಪ್ಪ ಅವರೊಳಗೊಬ್ಬ. ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ, ಮುಂದಿನ ದಂಡಿಗೆ ನನಗೆಂದೇ ಬಿಗಿಸಿದ ಸಣ್ಣ ಸೀಟು, ಕ್ಯಾರಿಯರಿನ ಮೇಲೆ ತಮ್ಮ. ಬೆಲ್ ಬಾರಿಸುವ ಅಧಿಕಾರ ನನ್ನದು. ಎದುರಿಗೆ ಎಮ್ಮೆ ಬಂದರೂ ಬಾರಿಸುತ್ತಿದ್ದೆ, ಬಾರದಿದ್ದರೂ ಬಾರಿಸುತ್ತಿದ್ದೆ. ಎಮ್ಮೆಗಳು ಎರಡೂ ಸಂದರ್ಭಗಳಲ್ಲಿ ಒಂದೇ ಗಾಂಭೀರ್ಯದಿಂದಿದ್ದವು.

ತಮ್ಮ ದೊಡ್ಡವನಾದಂತೆ ಕ್ಯಾರಿಯರಿನಿಂದ ಸೀಟಿಗೆ ಬಂದ. ನಾನು ದೊಡ್ಡವಳಾದಂತೆ ದಂಡಿಯಿಂದ ಪಡಸಾಲೆಗೆ ಬಂದೆ. ಆಗ ತಾಸಿನ ಬಾಡಿಗೆಗೆ ಸೈಕಲ್ ಸಿಗುತ್ತಿತ್ತು. ಮಡಗಾರ್ಡಿನ ಮೇಲೆ ನಂಬರು, ಅಂಗಡಿಯವನ ವಹಿಯಲ್ಲಿ ಹೆಸರು, ಹೊರಟ ಹೊತ್ತು. ಹುಡುಗರು ಆ ಎತ್ತರದ ಸೈಕಲ್ಲಿನ ದಂಡಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ, ಮೊಣಕಾಲು ಕೆತ್ತಿಕೊಳ್ಳುತ್ತ, ಬಾಡಿಗೆ ತೀರುವುದರೊಳಗೆ ಕಲಿತುಬಿಡುತ್ತಿದ್ದರು. ನಾನೂ ಕೇಳಿದೆ. ಅವ್ವ, “ಹೆಣ್ಣಹುಡುಗಿ ಕೈಕಾಲ ಮುರಕೊಂಡ್ರ ಯಾರ್ ಮಾಡ್ಕೋತಾರ ನಿನ್ನ?” ಅಂದಳು. ಆ ವರ್ಷ ಕೈ ಮುರಿದುಕೊಂಡವನು ತಮ್ಮ. ಅವನ ಮದುವೆಗೆ ಅದೇನೂ ಅಡ್ಡಿಯಾಗಲಿಲ್ಲ.

ಸೈಕಲ್ ಬಾರದವಳಿಗೆ ಮುಂದೆ ಸ್ಕೂಟಿಯೂ ಬರಲಿಲ್ಲ. ನನ್ನ ಓರಗೆಯ ಎಷ್ಟೋ ಹೆಂಗಸರು ಹೀಗೆ ಯಾರದೋ ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂತು ಆಯುಷ್ಯದ ಅರ್ಧ ದಾರಿ ಕ್ರಮಿಸಿದವರು. ಊರಿನ ಒಂದು ಬದಿಯನ್ನಷ್ಟೇ ನಾವು ನೋಡಿದ್ದು. ಗಂಡ ಬರುವತನಕ ಪೇಟೆಯಲ್ಲಿ ನಿಲ್ಲುವುದು, ಮಗ ಬರುವತನಕ ಬ್ಯಾಂಕಿನಲ್ಲಿ ಕೂಡುವುದು, ಆಟೋದವನೊಂದಿಗೆ ಹತ್ತು ರೂಪಾಯಿಗೆ ಜಗಳ. ಕೂಡಿಸಿದರೆ ಅದೇ ದೊಡ್ಡ ಗಂಟಾದೀತು.

ಈಗ ಊರು ಬದಲಾಗಿದೆ. 2018ರಿಂದ ‘ಚಿಗರಿ’ ಎಂಬ ಏಸಿ ಬಸ್ಸು ಓಡುತ್ತಿದೆ. ಎರಡೂ ಊರಿನ ನಡುವಿನ ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ತಣ್ಣಗೆ ಸಾಗಿ, ನಡುವಿನ ನವನಗರದ ಸ್ಟಾಪಿನಲ್ಲಿ ಇಳಿಸುತ್ತದೆ. ಅಲ್ಲಿಂದ ಮನೆಯ ತನಕದ ಬಿಸಿಲು ನಮ್ಮದು. ಅದಕ್ಕೂ ಉಪಾಯ ಮಾಡಿದ್ದಾರೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹುಬ್ಬಳ್ಳಿಗೆ ಬಾಡಿಗೆ ಸೈಕಲ್ಲುಗಳ ನಿಲ್ದಾಣಗಳು ಬಂದವು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವೂ ಸೇರಿದ ಕಾರ್ಯಕ್ರಮವೊಂದರಲ್ಲಿ ಉಣಕಲ್ ನಾಲೆಯ ದಂಡೆಗೆ ಸೈಕಲ್ ದಾರಿ ಬಂತು. ಸೈಕಲ್ ಬಂತು, ದಾರಿ ಬಂತು. ಸೈಕಲ್ ಹೊಡೆಯಲು ಬಾರದ ಹೆಂಗಸೊಬ್ಬಳು ಊರಿನಲ್ಲಿದ್ದಾಳೆಂಬುದು ಮಾತ್ರ ಯಾವ ನೀಲನಕ್ಷೆಗೂ ಬರಲಿಲ್ಲ. ಈಜು ಬಾರದವರ ಊರಿನಲ್ಲಿ ಕೆರೆ ಕಟ್ಟಿಸಿದರೆ ಪಕ್ಕದಲ್ಲೊಬ್ಬ ಕಲಿಸುವವನನ್ನೂ ಇಡಬೇಕಲ್ಲವೆ?

ನಾನು ಕಲಿಯುತ್ತೇನೆಂದಾಗ ನಮ್ಮ ಮನೆಯವರು ಪತ್ರಿಕೆಯ ಹಿಂದಿನಿಂದಲೇ, “ಬಿದ್ದಗಿದ್ದಿ” ಎಂದರು. ಇದು ಅನುಮತಿಯೋ ಭವಿಷ್ಯವಾಣಿಯೋ ತಿಳಿಯಲಿಲ್ಲ. ನಸುಕಿನಲ್ಲಿ ಮೈದಾನಕ್ಕೆ ಹೋದರೆ ಅಲ್ಲಿ ಊರಿನ ಅರ್ಧ ವಿದ್ವಾಂಸರು ವಾಕಿಂಗ್ ಬಂದಿದ್ದರು. ನಾನು ಸೈಕಲ್ ಹಿಡಿದು ನಿಂತದ್ದೇ ತಡ, ಎಲ್ಲರ ಮೊಣಕಾಲುನೋವೂ ವಾಸಿಯಾಗಿ ಸುತ್ತ ನೆರೆದರು. “ಬ್ಯಾಲೆನ್ಸ್ ಮಾಡ್ರಿ ವೈನಿ.” “ಹೆದರಬ್ಯಾಡ್ರಿ, ಜೋರ್ ತುಳೀರಿ.” “ಜೋರ್ ಬ್ಯಾಡ್ರಿ, ಸಾವಕಾಶ.” “ಗಾಲಿ ಕಡೆ ನೋಡ್ರಿ.” “ಗಾಲಿ ಕಡೆ ನೋಡಬ್ಯಾಡ್ರಿ!”

ಈ ‘ಬ್ಯಾಲೆನ್ಸ್ ಮಾಡ್ರಿ’ ಎಂಬ ಉಪದೇಶ ‘ಚಲೋ ಹಾಡ್ರಿ’ ಎಂದಷ್ಟೇ ಉಪಯುಕ್ತ. ಓಡುವ ಸೈಕಲ್ ಯಾಕೆ ಬೀಳುವುದಿಲ್ಲವೆಂಬುದು ವಿಜ್ಞಾನಿಗಳನ್ನೇ ನೂರು ವರ್ಷ ಕಾಡಿದ ಪ್ರಶ್ನೆ. ತಿರುಗುವ ಗಾಲಿಯ ಗುಣದಿಂದ ಎಂದರು, ಮುಂದಿನ ಗಾಲಿ ಹ್ಯಾಂಡಲಿನ ತಿರುಗುವ ಗೆರೆಗಿಂತ ತುಸು ಹಿಂದೆ ನೆಲ ಮುಟ್ಟುವುದರಿಂದ ಎಂದರು. 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ಸಂಶೋಧಕರು ಆ ಎರಡು ಗುಣವೂ ಇಲ್ಲದ ಸೈಕಲ್ಲನ್ನು ಮಾಡಿ, ಸವಾರನಿಲ್ಲದೆ ನೂಕಿ, ಅದು ಬೀಳದೆ ಓಡುವುದನ್ನು ತೋರಿಸಿದರು. ‘ಸೈನ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸವಾರನಿಲ್ಲದಿದ್ದರೆ ಸೈಕಲ್ ಬೀಳುವುದಿಲ್ಲವೆಂಬ ಭಾಗವನ್ನು ನಮ್ಮ ಮನೆಯವರಿಗೆ ನಾನು ಓದಿ ಹೇಳಲಿಲ್ಲ.

ಗುಟ್ಟು ಹೇಳಿಕೊಟ್ಟವಳು ಪುಣೆಯಲ್ಲಿರುವ ಮಗಳು. “ಮಮ್ಮಿ, ಮೊದಲ ಪೆಡಲ್ ಬಿಚ್ಚಿಸು” ಅಂದಳು. ಸೈಕಲ್ ರಿಪೇರಿ ಕಾಕಾನ ಹತ್ತಿರ ಹೋದೆ. ಅವರು ಪಾನಾ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. “ಪೆಡಲ್ ಹಾಕಸಾಕ ಎಲ್ಲಾರೂ ಬರ್ತಾರ. ಬಿಚ್ಚಸಾಕ ಬಂದವ್ರು ನೀವ ಮೊದಲನೇದವ್ರು ನೋಡ್ರಿ ಬಾಯಾರ.” ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಉಳಿದ ನಟ್ಟುಗಳ ಹಾಗೆ ತಿರುಗಿಸಿದರೆ ಇನ್ನಷ್ಟು ಬಿಗಿಯುತ್ತದೆಂಬ ವಿದ್ಯೆಯನ್ನು ಅವರೇ ಹೇಳಿಕೊಟ್ಟರು. ನಮ್ಮ ಮನೆಯವರ ಸ್ವಭಾವವನ್ನು ಬಲ್ಲ ನನಗೆ ಇದು ತಿಳಿಯಲು ತಡವಾಗಲಿಲ್ಲ.

ಪೆಡಲ್ ಬಿಚ್ಚಿ, ಎರಡೂ ಪಾದ ಪೂರ್ತಿ ನೆಲಕ್ಕೂರುವಷ್ಟು ಸೀಟು ಇಳಿಸಿದರೆ ಸೈಕಲ್ಲಿನ ಸೊಕ್ಕು ಮುಕ್ಕಾಲು ಪಾಲು ಇಳಿದಂತೆ. ಕೂತು ನಡೆಯುವುದು. ನಡೆಯುತ್ತ ನಡೆಯುತ್ತ ಉದ್ದ ಹೆಜ್ಜೆ ಹಾಕುವುದು. ತುಸು ಇಳಿಜಾರಿನಲ್ಲಿ ಎರಡೂ ಕಾಲೆತ್ತಿ ಜಾರುವುದು. ಎಡಕ್ಕೆ ವಾಲಿದರೆ ಹ್ಯಾಂಡಲನ್ನೂ ಎಡಕ್ಕೇ ತುಸು ತಿರುಗಿಸಿದರೆ ಸೈಕಲ್ ತಾನೇ ಎದ್ದು ನಿಲ್ಲುತ್ತದೆ. ಹೆದರಿ ಬಲಕ್ಕೆಳೆದರೆ ನೆಲ ಹತ್ತಿರ. ಇಷ್ಟು ಮೈಗೆ ಹತ್ತಿದ ಮೇಲೆ ಪೆಡಲ್ ಹಾಕಿಸಿಕೊಳ್ಳುವುದು. ಇದೇನು ಹೊಸ ಶೋಧವಲ್ಲ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ, ಸೈಕಲ್ಲಿನ ಮುತ್ತಜ್ಜನಂಥ ಗಾಡಿಗೆ ಪೆಡಲೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದೇ ಹೋಗಬೇಕಿತ್ತು. ಲೋಕಕ್ಕೆ ಮೊದಲು ಬಂದದ್ದು ಬ್ಯಾಲೆನ್ಸು, ಆಮೇಲೆ ಪೆಡಲು. ನಾವು ಮಾತ್ರ ಹಿಂದುಮುಂದಾಗಿ ಕಲಿಸುತ್ತ ಬಂದಿದ್ದೇವೆ.

ಜಾಗದ ಚಿಂತೆಯನ್ನು ರಿಯಲ್ ಎಸ್ಟೇಟಿನವರು ನೀಗಿಸಿದರು. ನಮ್ಮ ಅವಳಿ ನಗರದ ಅಂಚಿನಲ್ಲಿ ಹೊಸ ಲೇಔಟುಗಳಿಗೆ ಬರವಿಲ್ಲ. ಡಾಂಬರು ರಸ್ತೆ, ಗಟಾರು, ದೀಪದ ಕಂಬ ಎಲ್ಲ ಇವೆ, ಮನೆಯೊಂದಿಲ್ಲ. ಮನೆಯಿಲ್ಲವೆಂದರೆ ಕಿಟಕಿಯಿಲ್ಲ, ಕಿಟಕಿಯಿಲ್ಲವೆಂದರೆ ನೋಡುವವರಿಲ್ಲ. ಮಳೆಗಾಲದಲ್ಲಷ್ಟೇ ರಸ್ತೆ ಬಿಡಬಾರದು. ಹುಬ್ಬಳ್ಳಿ ಕಡೆಯ ಎರಿ ಮಣ್ಣು ಒಮ್ಮೆ ಮಡಗಾರ್ಡಿನೊಳಗೆ ಮೆತ್ತಿಕೊಂಡರೆ ಸೈಕಲ್ಲನ್ನು ಹೊತ್ತುಕೊಂಡೇ ಮನೆಗೆ ಬರಬೇಕು.

ಸೈಕಲ್ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳದು. 2006-07ರಲ್ಲಿ ಸುರುವಾದ ಯೋಜನೆಯಲ್ಲಿ ಸರಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದರಲ್ಲ, ಅದು. ಹುಡುಗಿ ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಸೈಕಲ್ ಗೋಡೆಗೆ ಒರಗಿತ್ತು. ಮಗಳು ವರ್ಷಗಟ್ಟಲೆ ಓಡಿಸಿದ ಸೈಕಲ್ಲನ್ನು ತಾಯಿ ಒರೆಸಿ ಇಟ್ಟದ್ದುಂಟು, ಏರಿದ್ದಿಲ್ಲ. “ನೀನೂ ಬಾ” ಎಂದೆ. ಬಂದಳು. ನನಗಿಂತ ಮೊದಲು ಕಲಿತಳು. ಈಗ ಲೇಔಟಿನ ಗುರು ಅವಳೇ. ಬೆಳಿಗ್ಗೆ “ಮುಂದ ನೋಡ್ರೀ ಅಕ್ಕಾರ, ನೆಲದಾಗ ರೊಕ್ಕ ಬಿದ್ದಿಲ್ಲ” ಎಂದು ಗದರಿಸಿದ ಗುರುವಿಗೆ ಹತ್ತು ಗಂಟೆಗೆ ಪಾತ್ರೆ ತೊಳೆಯಲು ಹೇಳುವುದು ಹೇಗೆ ಎಂಬ ಧರ್ಮಸಂಕಟ ನನಗೆ ಇನ್ನೂ ಬಗೆಹರಿದಿಲ್ಲ.

ತಡವಾಗಿ ಏರಿದವರು ನಾವೇ ಮೊದಲಲ್ಲ. ಟಾಲ್‌ಸ್ಟಾಯ್ 1895ರಲ್ಲಿ, ಅರವತ್ತೈದು ದಾಟಿದ ಮೇಲೆ, ಎಳೆಯ ಮಗನನ್ನು ಕಳೆದುಕೊಂಡ ದುಃಖದ ದಿನಗಳಲ್ಲಿ ಸೈಕಲ್ ಕಲಿತ. ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಹೋರಾಟಗಾರ್ತಿ 53ನೆಯ ವಯಸ್ಸಿನಲ್ಲಿ ಕಲಿತು, ಸೈಕಲ್ಲಿಗೆ ಗ್ಲಾಡಿಸ್ ಎಂದು ಹೆಸರಿಟ್ಟು, ಅದರ ಮೇಲೊಂದು ಪುಸ್ತಕವನ್ನೇ ಬರೆದಳು. ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸೈಕಲ್ ಕಲಿಸಿದರು. ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅದಕ್ಕೆ ಬೆನ್ನಾಗಿ ನಿಂತರು. ಹೊಲದ ಕೂಲಿಯವರು, ಕಲ್ಲುಗಣಿಯವರು, ಅಂಗನವಾಡಿಯವರು, ಹೀಗೆ ಸಾವಿರ ಸಾವಿರ ಹೆಂಗಸರು ಕಲಿತರು. ಕಲಿತವರೇ ಕಲಿಯದವರಿಗೆ ಕಲಿಸಿದರು. ಸಾಲದ ಏರ್ಪಾಡೂ ಆಯಿತು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಏರಿದರು. ಮುಂದಿನ ದಂಡಿಯ ಮೇಲೆ ಮಗುವನ್ನು ಕೂಡಿಸಿಕೊಳ್ಳಬಹುದಲ್ಲ ಎಂಬ ಲೆಕ್ಕ ಬೇರೆ. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ಬರೆದಿದ್ದಾರೆ. ಅದನ್ನು ಓದುವಾಗ ನೆನಪಾದದ್ದು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದ ಅಪ್ಪನ ಸೈಕಲ್. ಅದರ ದಂಡಿಯ ಮೇಲೆ ಕೂತು ಬೆಲ್ ಬಾರಿಸಿದವಳು ನಾನು. ಅದೇ ದಂಡಿಯ ಮೇಲೆ ನನ್ನ ಮಗಳನ್ನು ಕೂಡಿಸಿಕೊಂಡು ಹೋಗಬಹುದಿತ್ತೆಂಬುದು ಆ ಪುಟ ಓದುವತನಕ ಹೊಳೆದಿರಲಿಲ್ಲ.

ದೊಡ್ಡವರಿಗೆ ಕಲಿಸುವುದಕ್ಕೆ ಹೆಚ್ಚಿನದೇನೂ ಬೇಕಿಲ್ಲವೆಂದು ನಮ್ಮ ಲೇಔಟಿನ ಗುರುಕುಲ ನನಗೆ ತೋರಿಸಿದೆ. ದಂಡಿಯಿಲ್ಲದ, ಗಿಡ್ಡ ಸೀಟಿನ ನಾಲ್ಕಾರು ಸೈಕಲ್ ಬೇಕು. ಸೀರೆಯ ಸೆರಗು, ಚೂಡಿದಾರದ ಓಡಣಿ ಸಿಕ್ಕದ ಹಾಗೆ ಚೈನಿಗೆ ಕವರು ಬೇಕು. ಕಲಿಸುವವರು ಹೋದ ತಿಂಗಳಷ್ಟೇ ಕಲಿತವರಾದರೆ ಉತ್ತಮ; ಬಾಲ್ಯದಲ್ಲೇ ಕಲಿತವರಿಗೆ ತಮಗೆ ಹೇಗೆ ಬಂತೆಂಬುದೇ ಮರೆತಿರುತ್ತದೆ. ಹ್ಯಾಂಡಲನ್ನು ಹಿಡಿಯದೆ ಬೆನ್ನ ಹಿಂದೆ ನಡೆಯುವ ತಾಳ್ಮೆ ಬೇಕು. ಬಂದವಳು ಮೊದಲ ದಿನ ಸೈಕಲ್ ಮುಟ್ಟಿ ನೋಡಿ ಮನೆಗೆ ಹೋದರೂ ‘ನಾಳೆ ಬರ್ರಿ’ ಎನ್ನಬೇಕು. ಕೊನೆಯದಾಗಿ, ಬೆನ್ನಿಗೊಂದು ಕೆಂಪು ಎಲ್ ಕಟ್ಟಿಕೊಳ್ಳಲು ಸಾರಿಗೆ ಇಲಾಖೆ ಪರವಾನಗಿ ಕೊಟ್ಟರೆ ನನ್ನ ತಕರಾರಿಲ್ಲ.

ನಾನೀಗ ಸೈಕಲ್ ಹೊಡೆಯುತ್ತೇನೆ. ಎಡಕ್ಕೆ ತಿರುಗಲು ಬರುತ್ತದೆ. ಬಲಕ್ಕೆ ಬೇಕಾದಾಗ ಇಳಿದು, ಸೈಕಲ್ಲನ್ನು ತಿರುಗಿಸಿ, ಮತ್ತೆ ಏರುತ್ತೇನೆ. ಹಾಗಾಗಿ ಎಡಕ್ಕೆ ತಿರುಗುತ್ತಲೇ ಮನೆ ಮುಟ್ಟುವ ದಾರಿಯನ್ನು ಹುಡುಕಿಕೊಂಡಿದ್ದೇನೆ. ಮೊಸರು ತರಲು ಹೋದವಳು ಇಷ್ಟು ತಡವೇಕೆಂದು ಮನೆಯವರು ಕೇಳುತ್ತಾರೆ. ಊರು ದೊಡ್ಡದಾಗಿದೆ ಎನ್ನುತ್ತೇನೆ.

ನಿಮ್ಮ ಮನೆಯ ಮೆಟ್ಟಿಲ ಕೆಳಗೂ ಮಕ್ಕಳು ಬಿಟ್ಟುಹೋದ ಸೈಕಲ್ಲೊಂದು ಧೂಳು ತಿನ್ನುತ್ತಿರಬಹುದು. ಗಾಳಿ ಹಾಕಿಸಿ, ಸೀಟು ಇಳಿಸಿ, ಪೆಡಲ್ ಬಿಚ್ಚಿಸಿ ನಿಮ್ಮ ತಾಯಿಗೋ ಹೆಂಡತಿಗೋ ಅಕ್ಕನಿಗೋ ಕೊಡಿ. ಮಹಾನಗರ ಪಾಲಿಕೆಯವರು ವಾರಕ್ಕೊಂದು ಬೆಳಿಗ್ಗೆ ಒಂದು ಮೈದಾನ, ಕಲಿಸುವ ಒಬ್ಬ ಹೆಂಗಸು, ಆರು ಗಿಡ್ಡ ಸೈಕಲ್ ಕೊಟ್ಟರೆ ಈಗಾಗಲೇ ಕಟ್ಟಿದ ಸೈಕಲ್ ದಾರಿಗೆ ಸವಾರರೂ ಸಿಕ್ಕಾರು. ಇನ್ನು ವಾಕಿಂಗಿಗೆ ಬರುವ ಹಿರಿಯರಲ್ಲಿ ಒಂದೇ ವಿನಂತಿ: ನಡುವಯಸ್ಸಿನ ಹೆಂಗಸೊಬ್ಬಳು ಓಲಾಡುತ್ತ ಎದುರಿಗೆ ಬಂದರೆ ಉಪದೇಶ ಮಾಡಬೇಡಿ, ದಾರಿ ಬಿಡಿ.