ಬಿಟ್ಟಿಯಾಳು

ಯಂತ್ರಮಾನವನಿಗೆ 'ರೋಬೋಟ್' ಎಂಬ ಹೆಸರನ್ನಿಟ್ಟವರು ವಿಜ್ಞಾನಿಗಳಲ್ಲ. ಝೆಕ್ ನಾಟಕಕಾರ ಕಾರೆಲ್ ಚಾಪೆಕರು 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಆ ಶಬ್ದವು ಮೊದಲು ಕಾಣಿಸಿಕೊಂಡಿತು. ಅದನ್ನು ಸೂಚಿಸಿದವರು ಅವರ ಸೋದರ ಯೋಸೆಫರು. ಅವರ ನುಡಿಯಲ್ಲಿ 'ರೋಬೋಟಾ' ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಸಲ್ಲಿಸುವ ದುಡಿಮೆ. ನಮ್ಮ ಹಿರಿಯರು 'ಬಿಟ್ಟಿ' ಎನ್ನುತ್ತಿದ್ದುದು ಇದನ್ನೇ.

ಅಕಿವಾಟದಲ್ಲಿ ಕುಳಿತು ಯಂತ್ರಮಾನವನ ಮಾತೇಕೆ ಎಂದು ವಾಚಕರು ಕೇಳಬಹುದು. ಆದರೆ ಅದರ ಬೇರು ಮಗ್ಗದಲ್ಲಿದೆ. ಮಗ್ಗವು ನಮಗೆ ಹೊಸದಲ್ಲ. ನೆರೆಯ ಇಚಲಕರಂಜಿಯಲ್ಲಿ ಜಹಾಗೀರದಾರ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಅದಕ್ಕೂ ನೂರು ವರ್ಷ ಮೊದಲು ಫ್ರಾನ್ಸಿನ ಜಕಾರ್ಡರು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಮಗ್ಗವನ್ನು ನಡೆಸಿದ್ದರು. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುವುದು, ಇಲ್ಲದಲ್ಲಿ ಕೆಳಗುಳಿಯುವುದು. ಹೀಗೆ ಬಟ್ಟೆಯಲ್ಲಿ ಹೂಬಳ್ಳಿ ಮೂಡುವುದು. ಮೊದಲೇ ಬರೆದಿಟ್ಟ ಅಪ್ಪಣೆಯಂತೆ ಯಂತ್ರವು ನಡೆಯಬಲ್ಲದು ಎಂಬ ಈ ತತ್ತ್ವವೇ ಇಂದಿನ ಯಂತ್ರಮಾನವನಿಗೂ ತಳಹದಿ.

1961ರಲ್ಲಿ ಅಮೇರಿಕೆಯ ಮೋಟಾರು ಕಾರಖಾನೆಯೊಂದರಲ್ಲಿ 'ಯೂನಿಮೇಟ್' ಎಂಬ ಉಕ್ಕಿನ ತೋಳು, ಅಚ್ಚಿನಿಂದ ಹೊರಬಂದ ಸುಡುಲೋಹವನ್ನು ಎತ್ತಿಡತೊಡಗಿತು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿದ್ದ ಶಸ್ತ್ರವೈದ್ಯರು, ಕಡಲಾಚೆ ಫ್ರಾನ್ಸಿನಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ಯಂತ್ರದ ಕೈಗಳಿಂದ ತೆಗೆದರು. ಇಂತಹ ಯಂತ್ರವು ವೈದ್ಯನ ಕೈಯ ನಡುಕವನ್ನು ಸೋಸಬಲ್ಲದು. ಎಲ್ಲಿ ಕೊಯ್ಯಬೇಕೆಂಬ ನಿರ್ಧಾರ ಮಾತ್ರ ವೈದ್ಯನದೇ. ಕೇರಳದ ತರುಣ ಇಂಜಿನಿಯರರು 2018ರಲ್ಲಿ ಬಳಕೆಗೆ ತಂದ 'ಬ್ಯಾಂಡಿಕೂಟ್' ಎಂಬ ಯಂತ್ರವು ಮನುಷ್ಯನಿಗೆ ಬದಲಾಗಿ ಒಳಚರಂಡಿಯ ಗುಂಡಿಗೆ ಇಳಿಯುತ್ತದೆ. ವಿಷವಾಯುವಿಗೆ ಎಷ್ಟೋ ಬಡಜೀವಗಳು ಬಲಿಯಾದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ಇದನ್ನೆಲ್ಲ ನಾವು ತರಗತಿಯಲ್ಲಿ ಹೇಳುತ್ತಿದ್ದಾಗ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, "ಗುರುಗಳೆ, ಅಂಥಾ ಯಂತ್ರ ಬಂದ್ರ ನಮ್ಮಪ್ಪನ ಕೆಲಸಾ ಏನಾಗ್ತೈತ್ರಿ?" ಎಂದು ಕೇಳಿದನು. ಅವನ ತಂದೆ ಇಚಲಕರಂಜಿಯಲ್ಲಿ ಮಗ್ಗ ನಡೆಸುವವರು. ಲಾಳಿಯಿಲ್ಲದ ಹೊಸ ಮಗ್ಗಗಳಲ್ಲಿ ಗಾಳಿಯ ರಭಸವೋ ಲೋಹದ ಕಡ್ಡಿಯೋ ಹೊಕ್ಕಿನ ನೂಲನ್ನು ದಾಟಿಸುತ್ತದೆ. ಅಲ್ಲಿ ಕಡಿಮೆ ಕೈಗಳು ಸಾಕು. ಅದನ್ನು ನಡೆಸಲೂ ರಿಪೇರಿ ಮಾಡಲೂ ಬಲ್ಲವರಿಗೆ ಕೆಲಸವುಂಟು, ನಿಜ. ಆದರೆ ನಡುವಯಸ್ಸಿನ ತಂದೆಗೆ ಆ ವಿದ್ಯೆಯನ್ನು ಕಲಿಸುವವರಾರು? ಕಲಿಯುವ ದಿನಗಳಲ್ಲಿ ಅವನ ಮನೆಗೆ ಜೋಳ ತರುವವರಾರು? ಇದಕ್ಕೆ ಉತ್ತರ ಹೇಳದೆ ಯಂತ್ರವನ್ನು ಹೊಗಳುವುದು ನಮಗೆ ಸರಿಯೆನಿಸದು.

ಬೆಂಕಿಯ ಬಳಿಯ ಕೆಲಸ, ವಿಷದ ಗುಂಡಿಯ ಕೆಲಸ, ಬೆನ್ನು ಮುರಿಯುವ ಹೊರೆ, ಈ ಬಿಟ್ಟಿಯನ್ನೆಲ್ಲ ಯಂತ್ರವೇ ಹೊರಲಿ. ಹೊಸ ಯಂತ್ರವನ್ನು ತರುವ ಮಾಲಕನು ಹಳೆಯ ಕೈಗಳಿಗೆ ಹೊಸ ವಿದ್ಯೆಯನ್ನು ಕಲಿಸುವ ಹೊಣೆಯನ್ನೂ ಹೊರಲಿ. ಶಿಕ್ಷಕರಾದ ನಮ್ಮ ಹೊಣೆಯೂ ಚಿಕ್ಕದಲ್ಲ. ಕೇವಲ ಹೇಳಿಕೊಟ್ಟದ್ದನ್ನು ಒಪ್ಪಿಸುವ ಕೆಲಸವನ್ನು ಯಂತ್ರವು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಮಾಡುತ್ತದೆ. ಆದುದರಿಂದ ಆ ಹುಡುಗನಂತೆ ಎದ್ದು ನಿಂತು ಪ್ರಶ್ನೆ ಕೇಳುವವರನ್ನು ಕೂರಿಸಬಾರದು.