ಕುದುರೆ ಗಾಡಿಯಲ್ಲಿ ಹುಟ್ಟಿದ ಹಾಡುಗಳು

ಲಂಡನ್ನಿನಿಂದ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಕುದುರೆ ಗಾಡಿಯಲ್ಲಿ ಹೋಗುವವರುಂಟೇ? 1968ರಲ್ಲಿ ಯುವ ಗಾಯಕಿ ವಾಷ್ಟಿ ಬನ್ಯನ್ ಗೆಳೆಯನೊಂದಿಗೆ ಹಾಗೆಯೇ ಹೊರಟರು. ಅಲ್ಲಿ ಗಾಯಕ ಡೊನೊವನ್ ಕಲಾವಿದರಿಗೊಂದು ನೆಲೆ ಕಟ್ಟಲಿದ್ದರು. ಇವರು ತಲುಪುವಷ್ಟರಲ್ಲಿ ಅವರೆಲ್ಲ ಚದುರಿದ್ದರು. ಪಯಣ ಇನ್ನೂ ಆಚೆಗಿನ ಬರ್ನರೆ ಎಂಬ ಪುಟ್ಟ ದ್ವೀಪದವರೆಗೆ ಮುಂದುವರಿಯಿತು.

ದಾರಿಯುದ್ದಕ್ಕೂ ಕಟ್ಟಿದ ಹಾಡುಗಳು 1969ರ ಕೊನೆಯಲ್ಲಿ ಲಂಡನ್ನಿನಲ್ಲಿ ಮುದ್ರಣಗೊಂಡವು. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ವಾದಕರೂ ಜೊತೆಗೂಡಿದರು. ಆದರೆ 1970ರಲ್ಲಿ ಬಂದ ‘ಜಸ್ಟ್ ಅನದರ್ ಡೈಮಂಡ್ ಡೇ’ಯನ್ನು ಕೊಂಡವರೇ ವಿರಳ. ಮನನೊಂದ ಬನ್ಯನ್ ಹಾಡುವುದನ್ನೇ ಬಿಟ್ಟು ಮಕ್ಕಳು-ಮನೆಯಲ್ಲಿ ಮುಳುಗಿದರು.

ಅಂದು ದೋಣಿಯಲ್ಲೇ ಸೇರಬೇಕಿದ್ದ ಬರ್ನರೆಗೆ 1999ರಲ್ಲಿ ಸಮುದ್ರಕ್ಕೆ ಅಡ್ಡಲಾಗಿ ರಸ್ತೆ ತೆರೆಯಿತು. ಮರುವರ್ಷ ಆ ಹಾಡುಗಳೂ ಸಿ.ಡಿ.ಯಾಗಿ ಮರಳಿದವು. ಈ ಸಲ ಹೊಸ ತಲೆಮಾರು ಕಿವಿಗೊಟ್ಟಿತು. 2005ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಬನ್ಯನ್ ಎರಡನೆಯ ಆಲ್ಬಂ ತಂದರು. ಕುದುರೆಯ ನಡಿಗೆಯಲ್ಲಿ ಹೊರಟ ಹಾಡು ಊರು ಸೇರಲು ಮೂವತ್ತು ವರ್ಷ ಹಿಡಿದಿತ್ತು.